ಮನೆಯಲ್ಲಿ ಬಿಯರ್ ತಯಾರಿಸುವವರು ಮಾರಾಟಕ್ಕಿಳಿಯುವುದು ಹೇಗೆ? ಅಮೆರಿಕದ ಪರವಾನಗಿ ನಿಯಮಗಳು

ಅಮೆರಿಕದಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸಲು ಒಕ್ಕೂಟ ಸರ್ಕಾರದ ಪರವಾನಗಿ ಬೇಕಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನ ಪ್ರಕಾರ, ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು. ಈ ವಿನಾಯಿತಿಗೆ ಇರುವ ಮುಖ್ಯ ಷರತ್ತು, ಅದನ್ನು ಮಾರಬಾರದು ಎಂಬುದು. ಹಾಗಾಗಿ ಮನೆಯಲ್ಲಿ ತಯಾರಾದ ಬಿಯರಿಗೇ ಮಾರಾಟದ ಪರವಾನಗಿ ಪಡೆಯುವ ದಾರಿ ಇಲ್ಲ; ಮಾರಬೇಕೆನ್ನುವವರು ಬ್ರೂವರಿ, ಅಂದರೆ ಬಿಯರ್ ತಯಾರಿಕಾ ಘಟಕ ಸ್ಥಾಪಿಸಿ, ಅನುಮತಿ ಕೈಸೇರಿದ ಮೇಲೆ ಅಲ್ಲಿ ಹೊಸದಾಗಿ ತಯಾರಿಸಬೇಕು.

ಎಲ್ಲಕ್ಕಿಂತ ಮೊದಲು ಜಾಗ ಹುಡುಕಬೇಕು. ಉತ್ಸಾಹದಲ್ಲಿರುವವರು ಸಾಮಾನ್ಯವಾಗಿ ಮೊದಲು ದೊಡ್ಡ ಪಾತ್ರೆಗಳನ್ನೂ ಹುದುಗುವ ತೊಟ್ಟಿಗಳನ್ನೂ ಕೊಳ್ಳಲು ಹೊರಡುತ್ತಾರೆ. ಆದರೆ ಪರವಾನಗಿಯು ವ್ಯಕ್ತಿಗಷ್ಟೇ ಅಲ್ಲ, ನಿರ್ದಿಷ್ಟ ಕಟ್ಟಡಕ್ಕೂ ಸಂಬಂಧಿಸಿರುವುದರಿಂದ ಈ ಕ್ರಮ ಅಪಾಯಕಾರಿ. ವಾಸದ ಮನೆಯಲ್ಲಿ ಬ್ರೂವರಿ ಸ್ಥಾಪಿಸುವುದನ್ನು ಒಕ್ಕೂಟದ ನಿಯಮವೇ ನಿಷೇಧಿಸುತ್ತದೆ. ಮನೆಯಿಂದ ದೂರವಿರುವ ಕಟ್ಟಡವಾದರೂ ಆ ಪ್ರದೇಶದಲ್ಲಿ ಮದ್ಯ ತಯಾರಿಕೆಗೆ ಅವಕಾಶವಿದೆಯೇ, ಅಗ್ನಿಸುರಕ್ಷತೆ ಮತ್ತು ಕಟ್ಟಡ ನಿಯಮಗಳಿಗೆ ಅದು ಹೊಂದುತ್ತದೆಯೇ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಚರಟ ಮತ್ತು ಯೀಸ್ಟ್ ಬೆರೆತ ತ್ಯಾಜ್ಯ ನೀರನ್ನು ಒಳಚರಂಡಿಗೆ ಬಿಡಬಹುದೇ ಎಂಬುದನ್ನು ನಗರಾಡಳಿತದಿಂದ ಬರವಣಿಗೆಯಲ್ಲಿ ತಿಳಿದುಕೊಂಡ ನಂತರವೇ ಬಾಡಿಗೆ ಕರಾರಿಗೆ ಸಹಿ ಹಾಕುವುದು ಕ್ಷೇಮ. ಅರ್ಜಿ ಇತ್ಯರ್ಥವಾಗಲು ತಿಂಗಳುಗಳೇ ಹಿಡಿಯಬಹುದು. ಅಷ್ಟು ಕಾಲ ಖಾಲಿ ಕಟ್ಟಡದ ಬಾಡಿಗೆ ಕಟ್ಟುವ ಶಕ್ತಿ ಇದೆಯೇ ಎಂದೂ ಲೆಕ್ಕ ಹಾಕಬೇಕು.

ಜಾಗ ಖಚಿತವಾದ ಮೇಲೆ, ಟಿಟಿಬಿ ಎಂದು ಕರೆಯಲಾಗುವ ಮದ್ಯ ಮತ್ತು ತಂಬಾಕು ತೆರಿಗೆ ಹಾಗೂ ವ್ಯಾಪಾರ ಬ್ಯೂರೋಗೆ 'ಬ್ರೂವರ್ಸ್ ನೋಟಿಸ್' ಎಂಬ ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಇದಕ್ಕೆ ಶುಲ್ಕವಿಲ್ಲ. ಕಟ್ಟಡದ ನಕ್ಷೆ, ಮಾಲೀಕರ ಹಿನ್ನೆಲೆ, ಬಂಡವಾಳದ ಮೂಲ, ಪರಿಸರ ಮತ್ತು ನೀರಿನ ಕುರಿತ ಮಾಹಿತಿಯನ್ನು ಬ್ಯೂರೋ ಕೇಳುತ್ತದೆ. ಕರಾರಿನಲ್ಲಿರುವ ಹೆಸರು, ವಿಳಾಸಗಳು ಅರ್ಜಿಯಲ್ಲಿರುವುದರೊಂದಿಗೆ ಅಕ್ಷರಶಃ ಹೊಂದುವಂತೆ ನೋಡಿಕೊಳ್ಳಬೇಕು.

ರಾಜ್ಯದ ಪರವಾನಗಿ ಬೇರೆಯೇ. 1933ರಲ್ಲಿ ಪಾನನಿಷೇಧ ಕೊನೆಗೊಳಿಸಿದ 21ನೇ ತಿದ್ದುಪಡಿ ಮದ್ಯದ ಮೇಲೆ ರಾಜ್ಯಗಳಿಗೆ ವಿಶಾಲ ಅಧಿಕಾರ ಕೊಟ್ಟದ್ದರಿಂದ, ತಯಾರಕರು ತಮ್ಮ ಜಾಗದಲ್ಲೇ ಗ್ರಾಹಕರಿಗೆ ಲೋಟದಲ್ಲಿ ಮಾರಬಹುದೇ, ಅಂಗಡಿಗಳಿಗೆ ನೇರವಾಗಿ ಪೂರೈಸಬಹುದೇ, ಅಥವಾ ಸಗಟು ವಿತರಕರ ಮೂಲಕವೇ ಹೋಗಬೇಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಸಣ್ಣ ಬ್ರೂವರಿ ಉಳಿಯುವುದೇ ಅಳಿಯುವುದೇ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿರುವುದರಿಂದ, ವ್ಯಾಪಾರದ ಯೋಜನೆ ಬರೆಯುವ ಮುನ್ನವೇ ಈ ನಿಯಮಗಳನ್ನು ಓದಬೇಕು.

ಇಷ್ಟು ಬಂಡವಾಳ ಇಲ್ಲದವರಿಗೆ ಗೌರವದ ಇನ್ನೊಂದು ದಾರಿಯಿದೆ. ಈಗಾಗಲೇ ಪರವಾನಗಿ ಹೊಂದಿರುವ ಬ್ರೂವರಿಯೊಂದಿಗೆ ಒಪ್ಪಂದ ಮಾಡಿಕೊಂಡು ತಮ್ಮ ಪಾಕವಿಧಾನದ ಬಿಯರನ್ನು ಅವರಿಂದ ತಯಾರಿಸಿಕೊಳ್ಳಬಹುದು. ಆಗ ತಯಾರಿಕೆಯ ಮತ್ತು ತೆರಿಗೆಯ ಹೊಣೆ ಆ ಬ್ರೂವರಿಯದು. ಹಾಗೆಂದು ಮಾರುವವರಿಗೆ ಅನುಮತಿಯೇ ಬೇಡವೆಂದಲ್ಲ. ಸಗಟು ಮಾರಾಟಕ್ಕೆ ಬೇಕಾದ ಪರವಾನಗಿಗಳನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ತಮ್ಮ ಬಿಯರಿಗೆ ಮಾರುಕಟ್ಟೆಯಿದೆಯೇ ಎಂದು ತಿಳಿಯಲು ಇದಕ್ಕಿಂತ ಕಡಿಮೆ ಅಪಾಯದ ಕ್ರಮ ನನಗೆ ಕಾಣುವುದಿಲ್ಲ.

ಬಾಟಲಿ ಅಥವಾ ಕ್ಯಾನಿನಲ್ಲಿ ಮಾರುವುದಾದರೆ ಸರ್ಕಾರ ನಿಗದಿಪಡಿಸಿದ ಆರೋಗ್ಯ ಎಚ್ಚರಿಕೆಯನ್ನು ಯಥಾವತ್ತಾಗಿ ಮುದ್ರಿಸಬೇಕು. ಬಿಯರ್ ಬೇರೆ ರಾಜ್ಯಗಳಿಗೆ ಹೋಗುವುದಿದ್ದರೆ ಸಾಮಾನ್ಯವಾಗಿ ಲೇಬಲಿಗೂ ಟಿಟಿಬಿಯ ಒಪ್ಪಿಗೆ ಬೇಕಾಗುತ್ತದೆ.

ಮಾರಾಟ ಆರಂಭವಾದ ಮೇಲೆ ಉಳಿಯುವುದು ತೆರಿಗೆ. ವರ್ಷಕ್ಕೆ 20 ಲಕ್ಷ ಬ್ಯಾರಲ್ ಮೀರದ ದೇಶೀಯ ತಯಾರಕರಿಗೆ ಮೊದಲ 60,000 ಬ್ಯಾರಲುಗಳ ಮೇಲಿನ ಒಕ್ಕೂಟದ ಅಬಕಾರಿ ಸುಂಕ ಬ್ಯಾರಲಿಗೆ 3.50 ಡಾಲರ್, ಒಂದು ಬ್ಯಾರಲ್ ಎಂದರೆ 31 ಗ್ಯಾಲನ್. ರಾಜ್ಯದ ಸುಂಕ ಇದರ ಮೇಲೆ ಸೇರುತ್ತದೆ. ಕೊಂಡ ಮಾಲ್ಟ್ ಮತ್ತು ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ), ತಯಾರಾದ, ಮಾರಿದ ಹಾಗೂ ಕೆಟ್ಟು ಚೆಲ್ಲಿದ ಬಿಯರಿನ ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಟ್ಟು, ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸುವಂತಿರಬೇಕು.