ನಾಲ್ಕನೆಯ ಆಯಾಮವನ್ನು ಅರಿಯುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಕಾಲೇಜು ವಿದ್ಯಾರ್ಥಿಗಳೊಡನೆ ಆಯಾಮಗಳ ಮಾತು ಬಂದಾಗಲೆಲ್ಲ, ಅವರು ಕಣ್ಣು ಮುಚ್ಚಿ ನಾಲ್ಕನೆಯ ದಿಕ್ಕನ್ನು ಕಲ್ಪಿಸಿಕೊಳ್ಳಲು ಹೆಣಗುವುದನ್ನು, ಅದು ಕಾಣದಿದ್ದಾಗ ವಿಷಯವನ್ನೇ ಕೈಬಿಡುವುದನ್ನು ನೋಡುತ್ತ ಬಂದಿದ್ದೇನೆ. ಈ ವಿಷಯದಲ್ಲಿ ಮೊದಲು ಎಣಿಸಬೇಕು, ನೋಡುವ ಮಾತು ಆಮೇಲೆ.

ಮೊದಲ ಹಂತ ಸುಲಭ. ಒಂದು ಬಿಂದುವಿನ ನೆಲೆಯನ್ನು ಹೇಳಲು ಒಂದನ್ನೊಂದು ಅವಲಂಬಿಸದ ಎಷ್ಟು ಸಂಖ್ಯೆಗಳು ಬೇಕೋ ಅಷ್ಟು ಆಯಾಮಗಳು. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಿಮ್ಮ ಬೋಗಿ ನಿಲ್ಲುವ ಜಾಗಕ್ಕೆ ಒಂದು ಸಂಖ್ಯೆ ಸಾಕು; ಉಣಕಲ್ ಕೆರೆಯ ಮೇಲಿನ ದೋಣಿಗೆ ಎರಡು, ಅದೇ ಕೆರೆಯೊಳಗಿನ ಮೀನಿಗೆ ಮೂರು.

ಎರಡನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಇಲ್ಲಿ ಅವಸರ ಬೇಡ. ಪರದೆಯ ಮೇಲೆ ಘನದೊಳಗೊಂದು ಘನ ತಿರುಗುವ ವೀಡಿಯೊಗಳನ್ನು ಈಗಲೇ ನೋಡಬೇಡಿ. ಅವು ನಾಲ್ಕು ಆಯಾಮದ ಆಕೃತಿಯ ನೆರಳಿನ ನೆರಳು ಮಾತ್ರ, ಒಳಗಿನ ಘನ ನಿಜಕ್ಕೂ ಚಿಕ್ಕದೆಂಬ ತಪ್ಪು ಕಲ್ಪನೆಯನ್ನು ಬಿತ್ತುತ್ತವೆ. ಪೆನ್ಸಿಲ್ ಹಿಡಿದು 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಮೂಲೆಗಳಿಗೆ ಹೆಸರು ಕೊಡಿ. ಗೆರೆಯ ತುದಿಗಳು 0 ಮತ್ತು 1. ಚೌಕದ ಮೂಲೆಗಳು 00, 01, 10, 11. ಘನಕ್ಕೆ ಮೂರಂಕಿಯ ಎಂಟು ಹೆಸರುಗಳು ಬರುತ್ತವೆ. ಈಗ ನಾಲ್ಕಂಕಿಯ ಹೆಸರುಗಳನ್ನೆಲ್ಲ ಬರೆಯಿರಿ: ಹದಿನಾರು ಆಗುತ್ತವೆ, ಅವೇ ನಾಲ್ಕು ಆಯಾಮದ ಘನದ ಮೂಲೆಗಳು. ಒಂದೇ ಸ್ಥಾನದಲ್ಲಿ ಬೇರೆಯಾಗಿರುವ ಎರಡು ಹೆಸರುಗಳ ನಡುವೆ ಒಂದು ಅಂಚು ಇರುತ್ತದೆ. ಪ್ರತಿ ಮೂಲೆಯಿಂದ ನಾಲ್ಕು ಅಂಚುಗಳು ಹೊರಡುವುದರಿಂದ ಹದಿನಾರನ್ನು ನಾಲ್ಕರಿಂದ ಗುಣಿಸಿ, ಪ್ರತಿ ಅಂಚೂ ಎರಡು ಸಲ ಲೆಕ್ಕಕ್ಕೆ ಬಂದಿರುವುದರಿಂದ ಅರ್ಧ ಮಾಡಿದರೆ 32 ಅಂಚುಗಳು ಸಿಗುತ್ತವೆ. ಯಾವುದಾದರೂ ಒಂದು ಸ್ಥಾನವನ್ನು 0 ಅಥವಾ 1 ಎಂದು ಕಟ್ಟಿಹಾಕಿದರೆ ಉಳಿದ ಮೂರು ಸ್ಥಾನಗಳು ಒಂದು ಸಾಮಾನ್ಯ ಘನವನ್ನು ಕೊಡುತ್ತವೆ. ಹೀಗೆ ಎಂಟು ಘನಗಳು ಈ ಆಕೃತಿಯನ್ನು ಸುತ್ತುವರಿದಿವೆ, ಎಂಟೂ ಒಂದೇ ಅಳತೆಯವು. ಕೊನೆಗೆ ಕರ್ಣವನ್ನು ಅಳೆಯಿರಿ. ಬದಿಯ ಉದ್ದ 1 ಆಗಿದ್ದರೆ ಚೌಕದ ಕರ್ಣ ಸುಮಾರು 1.414, ಘನದ್ದು 1.732, ನಾಲ್ಕು ಆಯಾಮದ ಘನದ್ದು ನಾಲ್ಕರ ವರ್ಗಮೂಲ, ಅಂದರೆ ಸರಿಯಾಗಿ 2. ಕಾಣದ ವಸ್ತುವನ್ನು ಇಷ್ಟು ನಿಖರವಾಗಿ ಅಳೆಯಬಹುದೆಂಬುದು ಗಣಿತದ ದೊಡ್ಡ ಸೊಗಸು. ಈ ಲೆಕ್ಕವನ್ನು ಸ್ವತಃ ಮಾಡದೆ ಮುಂದಕ್ಕೆ ಹೋಗಲೇಬಾರದು.

ಮೂರನೆಯ ಹಂತದಲ್ಲಿ ಹೋಳುಗಳ ಮೂಲಕ ನೋಡಲು ಕಲಿಯಿರಿ. ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚುತ್ತ ಹೋದರೆ ಬಿಲ್ಲೆಗಳು ಮೊದಲು ಹಿಗ್ಗಿ ಆಮೇಲೆ ಕುಗ್ಗುವಂತೆ, ನಾಲ್ಕು ಆಯಾಮದ ಗೋಳವೊಂದು ನಮ್ಮ ಕೋಣೆಯನ್ನು ಹಾದುಹೋದರೆ ನಮಗೆ ಒಂದು ಬಿಂದು ಮೂಡಿ, ಚೆಂಡಾಗಿ ಬೆಳೆದು, ಮತ್ತೆ ಕುಗ್ಗಿ ಮರೆಯಾಗುವುದು ಕಾಣುತ್ತದೆ.

ಇನ್ನು ಕಾಲ. 1908ರಲ್ಲಿ ಗಣಿತಜ್ಞ ಮಿಂಕೋವ್‌ಸ್ಕಿ ಕಾಲವನ್ನು ದೇಶದೊಡನೆ (ವಸ್ತುಗಳಿರುವ ಮೂರು ಆಯಾಮದ ಅವಕಾಶದೊಡನೆ) ಸೇರಿಸಿ ನಾಲ್ಕು ಆಯಾಮಗಳ ಒಂದೇ ರಚನೆಯನ್ನು ಮುಂದಿಟ್ಟರು. ಆದರೆ ಅಲ್ಲಿ ದೂರದ ಲೆಕ್ಕದಲ್ಲಿ ಕಾಲದ ವರ್ಗಕ್ಕೆ ವಿರುದ್ಧ ಚಿಹ್ನೆ ಬರುತ್ತದೆ. ಆದ್ದರಿಂದ ಮೇಲಿನ ನಾಲ್ಕನೆಯ ಸ್ಥಾನವನ್ನು ಕಾಲವೆಂದು ಓದಬಾರದು.

ದೇಶ-ಕಾಲಗಳ ಈ ನಾಲ್ಕರಾಚೆಗಿನ ಐದನೆಯ ಆಯಾಮವನ್ನು ಗಣಿತಜ್ಞ ಕಲುಜಾ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸೂಚಿಸಿದರು. ಅದು ಕಾಣದಷ್ಟು ಚಿಕ್ಕದಾಗಿ ಸುರುಳಿ ಸುತ್ತಿಕೊಂಡಿರಬಹುದೆಂದು 1926ರಲ್ಲಿ ಭೌತವಿಜ್ಞಾನಿ ಕ್ಲೈನ್ ವಿವರಿಸಿದರು. ಮೂಲಕಣಗಳನ್ನು ಕಂಪಿಸುವ ಎಳೆಗಳೆಂದು ನೋಡುವ ಸೂಪರ್‌ಸ್ಟ್ರಿಂಗ್ ಸಿದ್ಧಾಂತಕ್ಕೆ ಕಾಲವೂ ಸೇರಿ ಹತ್ತು ಆಯಾಮಗಳು ಬೇಕು. 'ಬೇರೆ ಆಯಾಮ' ಎಂದರೆ ಬೇರೊಂದು ಲೋಕವೆಂದು ಹೇಳುವ ಚಾನೆಲ್‌ಗಳನ್ನು ದೂರವಿಡಿ, ಏಕೆಂದರೆ ಹೆಚ್ಚಿನ ಆಯಾಮ ಇದೆಯೇ ಎಂಬುದನ್ನು ಪರೀಕ್ಷಿಸುವ ದಾರಿ ಇದೆ. ಮೂರು ಆಯಾಮದ ದೇಶದಲ್ಲಿ ಗುರುತ್ವಾಕರ್ಷಣೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಸುರುಳಿಗಿಂತ ಚಿಕ್ಕ ಅಂತರದಲ್ಲಿ ಒಂದು ಆಯಾಮ ಹೆಚ್ಚಿದ್ದರೆ ಅದು ದೂರದ ಘನಕ್ಕೆ (ಮೂರನೆಯ ಘಾತಕ್ಕೆ) ವಿಲೋಮವಾಗಿ ಕುಗ್ಗಬೇಕು. ಪ್ರಯೋಗಾಲಯಗಳು 0.1 ಮಿಲಿಮೀಟರಿಗಿಂತಲೂ ಕಡಿಮೆ ಅಂತರದವರೆಗೆ ಅಳೆದು ನೋಡಿದಾಗಲೂ ವರ್ಗದ ನಿಯಮವೇ ನಿಂತಿದೆ.