ಎಲೆಯ ಮುಂದೆ ‘ಸಾಕು’ ಕಲಿಯುವುದು

ದುಡ್ಡಾಗಲಿ, ಮನೆಯಾಗಲಿ, ಮೊಬೈಲಾಗಲಿ, ‘ಸಾಕು’ ಅನ್ನುವ ಮಾತು ನಮ್ಮ ಬಾಯಿಂದ ಬರುವುದು ಅಪರೂಪ. ಊಟಕ್ಕೆ ಕೂತಾಗ ಮಾತ್ರ ದಿನಕ್ಕೆರಡು ಸಲ ಅದು ತಾನಾಗಿ ಬರುತ್ತದೆ. ಬಡಿಸುವ ಸೌಟಿಗೆ ಕೈ ಅಡ್ಡ ಹಿಡಿದು ಹೇಳುತ್ತೇವಲ್ಲ, ಅದೇ ಸಾಕು. ತೃಪ್ತಿಯನ್ನು ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ‘ಬೇಕು’ ಎಂಬುದು ‘ಸಾಕು’ ಆಗಿ ತಿರುಗುವ ಗಳಿಗೆ ಅಲ್ಲಿ ಮೈಗೇ ಗೊತ್ತಾಗುತ್ತದೆ. ಧ್ಯಾನದ ಚಾಪೆ, ಆ್ಯಪ್, ಊದುಬತ್ತಿ ಯಾವುದೂ ಬೇಡ. ದಿನದ ಒಂದು ಊಟದಲ್ಲಿ ಈ ಅಭ್ಯಾಸ, 20 ನಿಮಿಷ, 8 ವಾರ.

ಎಂಟು ವಾರದ ಲೆಕ್ಕ ಹೊಸದಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ, ಮನಸ್ಸನ್ನು ಇದ್ದಲ್ಲೇ ಇಡಲು ಕಲಿಸುವ ‘ಮೈಂಡ್‌ಫುಲ್‌ನೆಸ್’ ತರಬೇತಿಯ ಅವಧಿಯೂ ಅಷ್ಟೇ. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನುವುದು ಅಲ್ಲಿನ ಮೊದಮೊದಲ ಪಾಠ. ಅನ್ನ ಸಾರು ಎದುರಿಗಿರುವವರಿಗೆ ದ್ರಾಕ್ಷಿಯ ಹಂಗೇಕೆ?

ಬೇಕು ಬೇರೆ, ರುಚಿ ಬೇರೆ

ಒಂದು ವಸ್ತು ಬೇಕು ಅನ್ನಿಸುವುದು, ಸಿಕ್ಕ ಮೇಲೆ ಅದು ಹಿಡಿಸುವುದು, ಇವೆರಡೂ ಮಿದುಳಿನಲ್ಲಿ ಒಂದೇ ಕೆಲಸವಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು 1980ರ ದಶಕದ ಕೊನೆಗೆ ಇಲಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಹುಪಾಲು ಇಲ್ಲದಂತೆ ಮಾಡಿ ನೋಡಿದರು. ಆ ಇಲಿಗಳು ತಾವಾಗಿ ಆಹಾರದ ಬಳಿ ಹೋಗುತ್ತಿರಲಿಲ್ಲ. ಆದರೆ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಮೊದಲಿನ ಹಾಗೇ ಚಪ್ಪರಿಸುತ್ತಿದ್ದವು. ರುಚಿ ಉಳಿದಿತ್ತು, ಬಯಕೆ ಹೋಗಿತ್ತು. ನಮ್ಮ ಪಾಡು ಇದರ ತಿರುವುಮುರುವು. ಟಿವಿ ನೋಡುತ್ತ ಕೋಡುಬಳೆ ತಿನ್ನುವವರಿಗೆ ಅದು ಮುಗಿದದ್ದು ಗೊತ್ತಾಗುವುದು ಬೆರಳು ಡಬ್ಬದ ತಳ ಮುಟ್ಟಿದಾಗ. ಬಯಕೆಯನ್ನು ಗದರಿಸಿ ಕೂರಿಸಲು ಹೋದವರು ಗೆದ್ದದ್ದು ಕಡಿಮೆ. ರುಚಿಯ ಕಡೆಗೆ ಗಮನ ತಿರುಗಿಸುವುದು ಯಾರ ಕೈಲಾದರೂ ಆಗುವ ಕೆಲಸ.

ಕೂರುವ ಮುನ್ನ

ರಾತ್ರಿಯ ಊಟವನ್ನು ಆರಿಸಿಕೊಳ್ಳಿ. ಬೆಳಗಿನ ತಿಂಡಿಯ ಹೊತ್ತಿಗೆ ಬಸ್ಸೋ ಮಕ್ಕಳ ಶಾಲೆಯೋ ಬೆನ್ನು ಹತ್ತಿರುತ್ತದೆ. ತೀರಾ ಹಸಿದು ಕಂಗೆಟ್ಟಾಗಲೂ ಇದು ಆಗದು, ಮೊದಲ ಐದು ನಿಮಿಷ ಗಬಗಬನೆ ಕಳೆದುಹೋಗುತ್ತದೆ. ಹಿಂದಿನ ತಿಂಡಿ ತಿಂದು ಮೂರು ನಾಲ್ಕು ಗಂಟೆಯಾಗಿದ್ದರೆ ಸರಿ.

ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಮಗುಚಿ ಪಕ್ಕದಲ್ಲಿಟ್ಟರೆ ಸಾಲದು, ಅದು ಸುಮ್ಮನಿದ್ದರೂ ಕಣ್ಣು ಅತ್ತಲೇ ಹೋಗುತ್ತದೆ. ನೀರು, ಉಪ್ಪಿನಕಾಯಿ, ಮಜ್ಜಿಗೆ ಎಲ್ಲವೂ ಮೊದಲೇ ಕೈಗೆಟುಕುವಂತಿರಲಿ.

ಎಂದಿನ ಪ್ರಮಾಣದ ಮುಕ್ಕಾಲು ಭಾಗ ಬಡಿಸಿಕೊಂಡು ಉಳಿದ ಕಾಲು ಭಾಗ ಪಾತ್ರೆಯಲ್ಲೇ ಬಿಡಿ. ಇದು ಡಯಟ್ ಅಲ್ಲ, ಬೇಕಾದರೆ ಅದನ್ನೂ ಉಣ್ಣಬಹುದು. ಅನ್ನ ಬಿಡಬಾರದು ಎಂದು ಕಲಿತು ಬೆಳೆದವರು ನಾವು. ತಟ್ಟೆ ತುಂಬಿದ್ದರೆ ತಟ್ಟೆ ಖಾಲಿಯಾಗುವುದೇ ಸಾಕಿನ ಗುರುತಾಗಿಬಿಡುತ್ತದೆ, ಹೊಟ್ಟೆಯನ್ನು ಯಾರೂ ಕೇಳುವುದಿಲ್ಲ. ಎರಡನೇ ಸಲ ಸೌಟು ಹಿಡಿಯುವಾಗ ಮಾತ್ರ ಆ ಪ್ರಶ್ನೆ ಎದುರಾಗುತ್ತದೆ.

ಮೂರು ತುತ್ತು

ಇಡೀ ಊಟವನ್ನು ಎಚ್ಚರದಿಂದ ಮಾಡುತ್ತೇನೆಂದು ಹೊರಟವರು ಮೂರನೇ ದಿನಕ್ಕೆ ಕೈಬಿಡುತ್ತಾರೆ. ಗಮನ ಬೇಕಾದದ್ದು ಮೊದಲ ಮೂರು ತುತ್ತಿಗೆ.

ಮೊದಲ ತುತ್ತು ಬೆರಳಿಗೆ. ಕಲಸುವಾಗ ಅನ್ನದ ಬಿಸಿ ಎಷ್ಟಿದೆ, ಅಗುಳು ಉದುರುದುರಾಗಿದೆಯೋ ಮೆತ್ತಗಾಗಿದೆಯೋ, ತುಪ್ಪ ಎಲ್ಲಿ ಜಾರುತ್ತಿದೆ ಎಂದು ಗಮನಿಸಿ. ಚಮಚ ಹಿಡಿದವರಿಗೆ ಈ ಪಾಠದ ಅರ್ಧ ತಪ್ಪಿಹೋಗುತ್ತದೆ.

ಎರಡನೆಯದು ಮೂಗಿಗೆ. ರುಚಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದ್ದು. ನೆಗಡಿಯಾದಾಗ ಎಂಥ ಸಾರೂ ಸಪ್ಪೆಯಾಗುವುದು ಅದಕ್ಕೇ. ತುತ್ತು ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಇಂಗು, ಕರಿಬೇವು, ಸಾರಿನಪುಡಿಯ ಧನಿಯ ಗಂಟಲ ಹಿಂದಿನಿಂದ ಮೇಲೇರಿ ಬರುತ್ತವೆ.

ಮೂರನೆಯದು ನಾಲಿಗೆಗೆ. ಹುಳಿ ಮೊದಲು ತಾಕಿತೋ ಉಪ್ಪೋ, ಖಾರ ಎಷ್ಟು ಹೊತ್ತಿಗೆ ಬಂತು, ಕೊನೆಗೆ ಉಳಿದದ್ದೇನು.

ಮೂರಕ್ಕೂ ಸೇರಿ ಒಂದೇ ಕಟ್ಟುನಿಟ್ಟು: ಬಾಯಲ್ಲಿರುವುದು ಇಳಿಯುವ ತನಕ ಕೈ ಮುಂದಿನ ತುತ್ತು ಕಲಸಬಾರದು. ಮಾಡಿ ನೋಡಿದರೆ ಇದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಬಾಯಿ ಇನ್ನೂ ಅಗಿಯುತ್ತಿರುತ್ತದೆ, ಕೈ ಆಗಲೇ ಮುಂದಿನದರ ತಯಾರಿಯಲ್ಲಿರುತ್ತದೆ. ‘ಇನ್ನೂ ಬೇಕು’ ಎಂಬುದರ ಅತಿ ಚಿಕ್ಕ ರೂಪ ಇದು. ಬರಿಗಣ್ಣಿಗೆ ಕಾಣುವಂಥದ್ದು.

ಪ್ರತಿ ತುತ್ತನ್ನೂ 32 ಸಲ ಅಗಿಯಿರಿ ಎಂಬ ಸಲಹೆಯನ್ನು ಇಲ್ಲಿ ಮರೆತುಬಿಡಿ. ಎಣಿಕೆಯಲ್ಲೇ ಮನಸ್ಸು ಸಿಕ್ಕಿಕೊಳ್ಳುತ್ತದೆ. ಅಲ್ಲದೆ ಮಂಡ್ಯ, ಹಾಸನ, ತುಮಕೂರಿನ ಕಡೆ ಮುದ್ದೆ ಉಣ್ಣುವವರಿಗೆ ಅದು ನಗೆಪಾಟಲು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅವರ ಗಮನ ಬೇರೆಡೆ ಇರಲಿ: ಮುರಿದ ತುಂಡಿನ ಗಾತ್ರ, ಬಸ್ಸಾರಿನಲ್ಲಿ ಅದ್ದಿ ಹೊರಳಿಸುವ ಬೆರಳು, ಗಂಟಲಿನಿಂದ ಎದೆಗಿಳಿಯುವ ಬೆಚ್ಚಗಿನ ಗೆರೆ.

ನಾಲ್ಕನೇ ತುತ್ತಿನಿಂದ ಎಂದಿನಂತೆ ಉಣ್ಣಿ, ಮನೆಯವರ ಜೊತೆ ಮಾತಾಡಿ. ಅರ್ಧ ಊಟವಾದಾಗ ಮೂರು ಉಸಿರಿನಷ್ಟು ಹೊತ್ತು ಕೈ ನಿಲ್ಲಿಸಿ, ಹಸಿವು ಎಷ್ಟು ಉಳಿದಿದೆ ಎಂದು ನೋಡಿಕೊಂಡು ಮುಂದುವರಿಯಿರಿ. ಹೊಟ್ಟೆ ತುಂಬಿದ ಸುದ್ದಿ ತಕ್ಷಣ ತಲೆಗೆ ಮುಟ್ಟುವುದಿಲ್ಲ, ಕರುಳಿನ ಹಾರ್ಮೋನುಗಳು ಏರಲು ಹೊತ್ತು ಹಿಡಿಯುತ್ತದೆ. ಏಳು ನಿಮಿಷದಲ್ಲಿ ಊಟ ಮುಗಿಸುವವರಿಗೆ ಸಾಕು ಎಂಬುದು ಕೈ ತೊಳೆದ ಮೇಲೆ, ಭಾರವಾಗಿ, ಬರುತ್ತದೆ.

ಎರಡು ಬಗೆಯ ಸಾಕು

ಅನ್ನ ಸಾರು ಸಾಕಪ್ಪಾ ಎಂದವರೂ ಹೋಳಿಗೆ ಬಂದರೆ ಎಲೆಯಲ್ಲಿ ಜಾಗ ಮಾಡುತ್ತಾರೆ. ಇದರಲ್ಲಿ ಕಪಟವೇನಿಲ್ಲ. ತಿನ್ನುತ್ತ ಹೋದ ಹಾಗೆ ಆ ಪದಾರ್ಥದ ಸೊಗಸು ಮಾತ್ರ ಇಳಿಯುತ್ತದೆ, ಬೇರೆ ಪದಾರ್ಥದ್ದು ಅಷ್ಟಾಗಿ ಇಳಿಯುವುದಿಲ್ಲ. ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅಂದರೆ ನಾಲಿಗೆಯ ಸಾಕು ಬೇರೆ, ಹೊಟ್ಟೆಯ ಸಾಕು ಬೇರೆ. ಎಲೆಯ ಮುಂದೆ ಇವೆರಡನ್ನು ಬಿಡಿಸಿ ನೋಡಲು ಬಂದರೆ ಅರ್ಧ ಕಲಿತಂತೆ. ಪರೀಕ್ಷೆ ಸುಲಭ: ಇದೇ ಅನ್ನ ಇನ್ನೊಂದು ಹಿಡಿ ಬೇಡ, ಆದರೆ ಹೊಸದೇನಾದರೂ ಬಂದರೆ ಸರಿ ಅನ್ನಿಸಿದರೆ ಅದು ನಾಲಿಗೆಯದು. ಏನು ಬಂದರೂ ಬೇಡ ಅನ್ನಿಸಿದರೆ ಹೊಟ್ಟೆಯದು. ನಾಲಿಗೆಯ ಸಾಕು ಎಂದು ತಿಳಿದೂ ಹೋಳಿಗೆ ತಿನ್ನಬಹುದು, ಹಬ್ಬದ ದಿನ ತಿನ್ನಲೇಬೇಕು.

ಐದನೇ ವಾರದಿಂದ ಇದೇ ಪ್ರಶ್ನೆಯನ್ನು ತಟ್ಟೆಯಿಂದಾಚೆ ಒಯ್ಯಿರಿ. ಹೊಸ ಫೋನ್, ಹೊಸ ಸೀರೆ, ಹೊಸ ಮಿಕ್ಸಿ ನೋಡಿ ಮನಸ್ಸು ಎಳೆದಾಗ, ಮನೆಯಲ್ಲಿರುವ ಅದೇ ಜಾತಿಯ ವಸ್ತುವನ್ನು ತೆಗೆದು ಹತ್ತು ನಿಮಿಷ ಬಳಸಿ: ಸೀರೆಯಾದರೆ ಉಟ್ಟು, ಮಿಕ್ಸಿಯಾದರೆ ಚಟ್ನಿ ರುಬ್ಬಿ. ಕಾರ್ಟಿಗೆ ಹಾಕಿದ್ದನ್ನು ಮೂರು ದಿನ ಹಾಗೇ ಬಿಡಿ. ಹಳೆಯದು ಕೆಲಸ ಕೊಡುತ್ತಿಲ್ಲವೋ, ಕಂಡು ಕಂಡು ಬೇಜಾರಾಗಿದೆಯಷ್ಟೆಯೋ? ಬೇಜಾರು ನಾಲಿಗೆಯದು. ಮಿಕ್ಸಿಯ ಮೋಟಾರೇ ಸುಟ್ಟಿದ್ದರೆ ಹೊಸದು ತನ್ನಿ, ಅದಕ್ಕೆ ವೇದಾಂತ ಬೇಡ.

ಎಲ್ಲಿ ಕೆಡುತ್ತದೆ

ಮೂರು ತುತ್ತಿನೊಳಗೇ ಮನಸ್ಸು ನಾಳಿನ ಮೀಟಿಂಗಿಗೆ ಹೋಗಿರುತ್ತದೆ. ಹೋಗಲಿ. ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ಜನರನ್ನು ದಿನದ ಬೇರೆ ಬೇರೆ ಹೊತ್ತಲ್ಲಿ ಫೋನ್ ಮೂಲಕ ಕೇಳಿದಾಗ, ಸುಮಾರು 47 ಶೇಕಡಾ ಸಂದರ್ಭಗಳಲ್ಲಿ ಅವರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲಿರಲಿಲ್ಲ. ಹಿತವಾದ ವಿಷಯಕ್ಕೆ ಹೋಗಿದ್ದಾಗಲೂ ಮನಸ್ಸು ಇದ್ದಲ್ಲೇ ಇದ್ದಾಗಿನದಕ್ಕಿಂತ ಅವರು ಹೆಚ್ಚು ಸುಖವಾಗಿರಲಿಲ್ಲ. ಹೋದದ್ದು ಗೊತ್ತಾದ ಕೂಡಲೇ ಮುಂದಿನ ತುತ್ತಿಗೆ ಬನ್ನಿ, ಅಷ್ಟೇ.

ಇದಕ್ಕಿಂತ ದೊಡ್ಡ ಅಪಾಯ ಲೆಕ್ಕ ಇಡುವುದು. ಇಂದಿಗೆ 23 ದಿನವಾಯಿತು ಎಂದು ಗೋಡೆಗೆ ಗೆರೆ ಎಳೆದರೆ 24ನೆಯದು ಹೊಸ ‘ಬೇಕು’ ಆಗುತ್ತದೆ. ಒಂದು ದಿನ ತಪ್ಪಿದರೆ ತಪ್ಪಲಿ. ಮನೆಯವರಿಗೆ ಉಪದೇಶ ಮಾಡಲು ಹೋಗಬೇಡಿ. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಅಮೃತದಂತಿದೆ ಎಂದು ನಟಿಸಲೂ ಬೇಡಿ. ಇದ್ದದ್ದನ್ನು ಇದ್ದ ಹಾಗೆ ಕಾಣುವುದರಲ್ಲಿ ಉಪ್ಪು ಹೆಚ್ಚಾದದ್ದೂ ಸೇರಿದೆ. ನೆಂಟರ ಮನೆಯ ಉಪಚಾರಕ್ಕೆ ಉಪಾಯ ಒಂದೇ. ‘ಸಂಕೋಚ ಮಾಡ್ಕೋಬೇಡಿ’ ಎಂದು ಒಂದು ಸೌಟು ಹೆಚ್ಚಿಗೆ ಬೀಳುವುದು ಖಚಿತ, ಆದ್ದರಿಂದ ಒಂದು ಸೌಟು ಮುಂಚೆಯೇ ಸಾಕು ಅನ್ನಿ.

ಎಲ್ಲರಿಗೂ ಬಡಿಸಿ ಕೊನೆಗೆ ಅಡುಗೆಮನೆಯಲ್ಲಿ ನಿಂತೇ ಉಣ್ಣುವ ಹೆಂಗಸಿಗೆ ‘ಇದ್ದುದರಲ್ಲಿ ತೃಪ್ತಿ’ಯ ಪಾಠ ಹೇಳುವುದು ಅನ್ಯಾಯ. ಅಲ್ಲಿ ಬದಲಾಗಬೇಕಾದದ್ದು ಅವಳ ಮನಸ್ಸಲ್ಲ, ಮನೆಯ ಪದ್ಧತಿ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂತರೆ ಆಯಿತು. ಬರಬೇಕಾದ ಸಂಬಳ ಕೇಳುವುದಕ್ಕೂ ಈ ಅಭ್ಯಾಸ ಅಡ್ಡ ಬರಬಾರದು.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು, ಪ್ರಮಾಣ ಬದಲಿಸದೆ ಮೂರು ತುತ್ತಿನ ಭಾಗವನ್ನಷ್ಟೇ ಮಾಡಲಿ. ಊಟದ ವಿಷಯದಲ್ಲೇ ಭಯ, ತಪ್ಪಿತಸ್ಥ ಭಾವ ಕಾಡುವವರು ಈ ಅಭ್ಯಾಸವನ್ನು ಊಟದಲ್ಲಿ ಮಾಡುವ ಬದಲು, ಬೆಳಗಿನ ಸ್ನಾನದಲ್ಲಿ ಮೈಮೇಲೆ ಸುರಿದುಕೊಳ್ಳುವ ಮೊದಲ ಮೂರು ಚೊಂಬು ನೀರಿಗೆ ಗಮನ ಕೊಟ್ಟರೆ ಸಾಕು.

ಕೊನೆಯದಾಗಿ ಮದುವೆಮನೆ. ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿಗೆ ಕೈಯಿಟ್ಟು ನಿಂತಿರುತ್ತಾರೆ, ಪಾಯಸ ಮುಗಿಯುವ ಮೊದಲೇ ಪಕ್ಕದವರು ಎಲೆ ಮಡಿಸಿರುತ್ತಾರೆ. ಅಲ್ಲಿ 20 ನಿಮಿಷದ ಆಸೆ ಬೇಡ. ಕೋಸಂಬರಿಯ ಒಂದು ಹಿಡಿ, ತೊವ್ವೆ ಅನ್ನದ ಒಂದು ತುತ್ತು, ಮಜ್ಜಿಗೆಯ ಒಂದು ಗುಟುಕು, ಈ ಮೂರನ್ನು ಗಮನವಿಟ್ಟು ಉಂಡು ಎಲೆ ಮಡಿಸಿ ಎದ್ದುಬಿಡಿ.