ಎದೆನೋವಿಗೆ ಮೊದಲು ಇಸಿಜಿ, ಚೀಟಿ ಆಮೇಲೆ

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಫಿಸಿಷಿಯನ್. ನಮ್ಮಲ್ಲಿ ಹೃದ್ರೋಗ ತಜ್ಞರಿಲ್ಲ, ಹೃದಯದ ರಕ್ತನಾಳ ಪರೀಕ್ಷಿಸಿ ತೆರೆಯುವ ಕ್ಯಾಥ್‌ಲ್ಯಾಬ್ ಇಲ್ಲ. ಆಂಜಿಯೋಗ್ರಾಂ (ಆ ನಾಳಗಳ ಚಿತ್ರ) ಬೇಕಾದರೆ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ. ಜೋರು ಮಳೆಯಲ್ಲಿ ಘಾಟಿಗೆ ಮರ ಬಿದ್ದರೆ ಆ ದಾರಿಯೂ ಇಲ್ಲ. ‘ಹಾಗಾದ್ರೆ ಹಾರ್ಟ್ ಅಟ್ಯಾಕ್ ಆದವರಿಗೆ ಇಲ್ಲಿ ಎಂತ ಮಾಡ್ತೀರಿ?’ ಅಂತ ಜನ ಕೇಳುತ್ತಾರೆ. ಮಾಡುವುದು ಬೇಕಾದಷ್ಟಿದೆ. ಅದನ್ನೇ ಬರೆಯುತ್ತಿದ್ದೇನೆ.

‘ಎದೆನೋವು’ ಅಂತ ಹೇಳಿಕೊಂಡು ಬರುವವರು ಕಡಿಮೆ. ‘ಎಂತ ಇಲ್ಲ ಡಾಕ್ಟ್ರೇ, ಗ್ಯಾಸ್ಟ್ರಿಕ್. ಒಂದು ಇಂಜೆಕ್ಷನ್ ಹಾಕಿ’ ಅನ್ನುವವರೇ ಜಾಸ್ತಿ. ಬರುವ ಮೊದಲು ಮನೆಯಲ್ಲಿ ಜೀರಿಗೆ ಕಷಾಯ, ಅಂಗಡಿಯಲ್ಲಿ ಸೋಡಾ, ಮೆಡಿಕಲ್‌ನಲ್ಲಿ ಗ್ಯಾಸಿನ ಮಾತ್ರೆ ಎಲ್ಲ ಮುಗಿದಿರುತ್ತದೆ. ಅಷ್ಟರಲ್ಲಿ ಎರಡು ಮೂರು ಗಂಟೆ ಹೋಗಿರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದ ಹೆಂಗಸರಲ್ಲಿ ನೋವೇ ಇರದೆ ಬರೀ ಸುಸ್ತು, ಉಬ್ಬಸ, ವಾಂತಿ ಇರಬಹುದು. ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು. ದವಡೆಯಿಂದ ಹೊಕ್ಕುಳಿನ ನಡುವೆ ಎಲ್ಲೇ ನೋವಿರಲಿ, ಮೊದಲು ಇಸಿಜಿ. ಓಪಿಡಿ ಚೀಟಿ ಆಮೇಲೆ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಪ್ರಪಂಚದ ಎಲ್ಲ ಕಡೆ ಇರುವ ಗುರಿ. ನಮ್ಮಲ್ಲಿ ಅದಕ್ಕೆ ಅಡ್ಡಿಯಾಗಿದ್ದು ಮೆಷಿನ್ ಅಲ್ಲ, ಚೀಟಿ ಕೌಂಟರಿನ ಕ್ಯೂ.

ಇನ್ನೊಂದು ಬದಲಾವಣೆ, ಇಸಿಜಿ ತೆಗೆಯಲು ಡಾಕ್ಟರ ಅಪ್ಪಣೆ ಬೇಕಿಲ್ಲ. ಬಾಗಿಲಲ್ಲಿ ಮೊದಲು ಕಂಡ ಸಿಸ್ಟರ್ ಕರೆದುಕೊಂಡು ಹೋಗಿ ಮಲಗಿಸುತ್ತಾರೆ. ಡಿಸೆಂಬರಿನ ಚಳಿಯಲ್ಲೂ ಅಂಗಿ ಒದ್ದೆಯಾಗುವಷ್ಟು ಬೆವತಿದ್ದರೆ, ನನಗೆ ಫೋನ್ ಬರುವ ಹೊತ್ತಿಗೆ ಲೀಡ್ (ಇಸಿಜಿ ವೈರು) ಅಂಟಿಸಿ ಆಗಿರುತ್ತದೆ.

ಇಸಿಜಿ ತೆಗೆಯುವುದು ಸುಲಭ ಅಂತ ಕಾಣುತ್ತದೆ, ಅಷ್ಟು ಸುಲಭವಲ್ಲ. ಬೆವರು ಒರೆಸದಿದ್ದರೆ ಎದೆಗೆ ಅಂಟಿಸುವ ರಬ್ಬರ್ ಬಲ್ಬು ನಿಲ್ಲುವುದಿಲ್ಲ, ಗೆರೆ ಕುಣಿಯುತ್ತದೆ. ಎದೆಯ ಮೊದಲ ಎರಡು ಲೀಡನ್ನು ಮೇಲಕ್ಕೆ ಹಾಕಿಬಿಡುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಅವು ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಇರಬೇಕು. ಬೆರಳಿನಿಂದ ಪಕ್ಕೆಲುಬು ಎಣಿಸಿಯೇ ಹಾಕಬೇಕು, ಕಣ್ಣಂದಾಜು ಸಾಲದು. ಹೆಂಗಸರಿಗೆ ಪರದೆ ಎಳೆದು ಸಿಸ್ಟರೇ ತೆಗೆಯುತ್ತಾರೆ. ಪರದೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ‘ಬೇಡ ಬಿಡಿ’ ಅಂದು ಎದ್ದು ಹೋಗುವವರಿದ್ದಾರೆ. ಹೊಟ್ಟೆಯ ಮೇಲ್ಭಾಗದ ನೋವಿದ್ದು ಹೃದಯದ ಕೆಳಗೋಡೆಗೆ ಪೆಟ್ಟು ಬಿದ್ದಂತೆ ಕಂಡರೆ ಬಲಗಡೆ ಎದೆಗೂ ಲೀಡ್ ಹಾಕಿ ನೋಡುತ್ತೇವೆ. ಮೊದಲ ಇಸಿಜಿ ಸರಿ ಇದ್ದು ನೋವು ಹಾಗೇ ಇದ್ದರೆ ಕಾಲು ಗಂಟೆ ಬಿಟ್ಟು ಮತ್ತೊಂದು. ಹೃದಯಕ್ಕೆ ಪೆಟ್ಟು ಬಿದ್ದದ್ದನ್ನು ರಕ್ತಪರೀಕ್ಷೆಯಲ್ಲಿ ತೋರಿಸುವ ಟ್ರೊಪೋನಿನ್ ಏರಲು ಕೆಲವು ಗಂಟೆ ಬೇಕು, ಅದಕ್ಕೆ ಕಾಯುತ್ತಾ ಕೂರುವುದಿಲ್ಲ. ಇಸಿಜಿ ಕಾಗದದ ಅಚ್ಚು ದಿನ ಕಳೆದಂತೆ ಮಾಸುತ್ತದೆ, ಆದ್ದರಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ ಅಂತ ಮನೆಯವರಿಗೂ ಹೇಳುತ್ತೇವೆ.

ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ನಮ್ಮಂಥ ಆಸ್ಪತ್ರೆಗಳ ಕೈ ಗಟ್ಟಿಯಾಯಿತು. ಪುನೀತ್ ತೀರಿಕೊಂಡಿದ್ದು 2021ರ ಅಕ್ಟೋಬರ್ 29ರಂದು, ಬರೀ 46 ವರ್ಷಕ್ಕೆ. ಈ ಯೋಜನೆಯಲ್ಲಿ ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಗಳು ಹಬ್ (ಕೇಂದ್ರ), ತಾಲ್ಲೂಕು ಆಸ್ಪತ್ರೆಗಳು ಅದಕ್ಕೆ ಸೇರಿದ ಸ್ಪೋಕ್. ಇಲ್ಲಿ ತೆಗೆದ ಇಸಿಜಿ ಅಲ್ಲಿಗೆ ಹೋಗಿ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಹೊರಗೆ ಕೊಂಡರೆ ಸಾವಿರಾರು ರೂಪಾಯಿ ಆಗುವ, ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ರಾತ್ರಿ ಎರಡು ಗಂಟೆಗೆ ಹೊಸದಾಗಿ ಸೇರಿದ ಎಂಬಿಬಿಎಸ್ ಡಾಕ್ಟರೊಬ್ಬರೇ ಇದ್ದಾಗ, ‘ಹೌದು, ಇದು ಅಟ್ಯಾಕೇ, ಕೊಡಿ’ ಅಂತ ಆ ಕಡೆಯಿಂದ ಯಾರಾದರೂ ಹೇಳುವುದಿದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ನನ್ನ ಲೆಕ್ಕದಲ್ಲಿ ಇಂಜೆಕ್ಷನ್ನಿಗಿಂತ ದೊಡ್ಡ ಉಪಕಾರ ಅದೇ.

ಕಷ್ಟದ ಮಾತುಕತೆ ಶುರುವಾಗುವುದು ಆಮೇಲೆ. ಅಳಿಯ, ಅಣ್ಣನ ಮಗ, ಪಂಚಾಯ್ತಿ ಮೆಂಬರ್ ಎಲ್ಲ ಸೇರಿ, ‘ಇಲ್ಲಿ ಬೇಡ ಮೇಡಂ, ದೊಡ್ಡಾಸ್ಪತ್ರೆಗೆ ಬರ್ಕೊಡಿ’ ಅನ್ನುತ್ತಾರೆ. ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ನಾನು ಗಡಿಯಾರ ತೋರಿಸಿ ಲೆಕ್ಕ ಹೇಳುತ್ತೇನೆ. ಆಂಬುಲೆನ್ಸ್ ಬರಲು ಇಷ್ಟು, ದಾರಿಗೆ ಇಷ್ಟು, ಅಲ್ಲಿ ಅಡ್ಮಿಟ್ ಆಗಿ ಕ್ಯಾಥ್‌ಲ್ಯಾಬ್ ಟೇಬಲ್ ಹತ್ತಲು ಇಷ್ಟು. ಎರಡು ಗಂಟೆಯೊಳಗೆ ಅಲ್ಲಿ ರಕ್ತನಾಳ ತೆರೆಯಲು ಆಗದಿದ್ದರೆ ಇಲ್ಲೇ ಇಂಜೆಕ್ಷನ್ ಕೊಟ್ಟು ಕಳಿಸುವುದು ಲೇಸು. ‘ಕಳಿಸಲ್ಲ ಅಂತ ಹೇಳ್ತಿಲ್ಲ, ಕೊಟ್ಟು ಕಳಿಸ್ತೀನಿ’ ಅಂದರೆ ಮುಕ್ಕಾಲು ಜನ ಒಪ್ಪುತ್ತಾರೆ. ಈ ಇಂಜೆಕ್ಷನ್ನಿನಿಂದ ತಲೆಯೊಳಗೆ ರಕ್ತಸ್ರಾವ ಆಗುವ ಅಪಾಯ ನೂರಕ್ಕೆ ಒಬ್ಬರ ಆಸುಪಾಸು ಇದೆ. ಅದನ್ನು ಮುಚ್ಚಿಡುವುದಿಲ್ಲ. ಮೊದಲು ಲಕ್ವ ಹೊಡೆದಿತ್ತಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ಮಲ ಕಪ್ಪಗೆ ಹೋಗುತ್ತಿದೆಯಾ ಅಂತ ಕೇಳಿಯೇ ಮುಂದಿನ ಹೆಜ್ಜೆ.

ಅಷ್ಟರಲ್ಲಿ 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಿ ಆಗಿರುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್ ನುಂಗಿಸಿ ಆಗಿರುತ್ತದೆ. ಟೆನೆಕ್ಟೆಪ್ಲೇಸ್ ಪುಡಿ ರೂಪದಲ್ಲಿ ಬರುತ್ತದೆ. ಅದರ ಜೊತೆ ಕೊಟ್ಟ ನೀರು ಹಾಕಿ ಬಾಟಲಿಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ಗ್ಲೂಕೋಸ್ ಡ್ರಿಪ್ ಓಡುತ್ತಿರುವ ಲೈನಿನಲ್ಲಿ ಕೊಡಬಾರದು, ಔಷಧಿ ಒಡೆಯುತ್ತದೆ. ಲೈನನ್ನು ಸಲೈನ್‌ನಿಂದ ತೊಳೆದು ಕೊಡಬೇಕು. ಡೋಸ್ ತೂಕದ ಮೇಲೆ. 60 ಕೆಜಿಗಿಂತ ಕಡಿಮೆಯಿದ್ದರೆ 30 ಮಿಲಿಗ್ರಾಂ, 90 ದಾಟಿದರೆ 50. ಅಟ್ಯಾಕ್ ಆದವರನ್ನು ತಕ್ಕಡಿ ಮೇಲೆ ನಿಲ್ಲಿಸಲು ಆಗುವುದಿಲ್ಲ ಅಲ್ವಾ, ಹಿರಿಯ ಸಿಸ್ಟರ್ ಒಬ್ಬರ ಅಂದಾಜೇ ನಮಗೆ ತೂಕ. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. 75 ವರ್ಷ ದಾಟಿದವರಿಗೆ ಅರ್ಧ ಡೋಸ್. ಇಡೀ ಔಷಧಿ ಐದರಿಂದ ಹತ್ತು ಸೆಕೆಂಡಿನಲ್ಲಿ ಒಳಗೆ ಹೋಗುತ್ತದೆ. ಒಂದು ಗಂಟೆ ಹೊತ್ತು ಬಿಪಿ ನೋಡುತ್ತಾ ಹಳೆಯ ಔಷಧಿ ಸ್ಟ್ರೆಪ್ಟೋಕೈನೇಸ್ ಹನಿಸುತ್ತಿದ್ದ ದಿನಗಳನ್ನು ನೆನೆದರೆ ಇದು ಸುಖ.

ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾನಿಟರ್ ಮೇಲೆ ಅಗಲ ಅಗಲ ಬಡಿತ ಸಾಲಾಗಿ ಬರಬಹುದು. ಹೊಸಬರು ಹೆದರುತ್ತಾರೆ. ಬಿಪಿ ಸರಿಯಿದ್ದು ವೇಗ ಜಾಸ್ತಿ ಇಲ್ಲದಿದ್ದರೆ ಸುಮ್ನೆ ನೋಡುತ್ತಿರಬೇಕು, ಎಷ್ಟೋ ಸಲ ಅದು ನಾಳ ತೆರೆದ ಗುರುತು. ಒಂದೂವರೆ ಗಂಟೆಯೊಳಗೆ ಮತ್ತೆ ಇಸಿಜಿ. ಅಟ್ಯಾಕಿನಿಂದ ಇಸಿಜಿಯಲ್ಲಿ ಮೇಲೆ ಎದ್ದಿದ್ದ ಗೆರೆ ಅರ್ಧಕ್ಕೂ ಇಳಿಯದಿದ್ದರೆ ತಕ್ಷಣ ಕ್ಯಾಥ್‌ಲ್ಯಾಬ್. ಇಳಿದರೂ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಲೇಬೇಕು. ‘ನೋವು ಹೋಯ್ತಲ್ಲ, ಮನೆಗೆ ಹೋಗ್ತೀವಿ’ ಅನ್ನುವವರನ್ನು ಹಿಡಿದು ಕೂರಿಸುವುದು ಇಂಜೆಕ್ಷನ್‌ಗೆ ಒಪ್ಪಿಸಿದ್ದಕ್ಕಿಂತ ಕಷ್ಟ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಯಾರನ್ನಾದರೂ ಬೈಕಿನಲ್ಲಿ ಓಡಿಸುತ್ತೇವೆ.

2025ರ ಜೂನ್–ಜುಲೈಯಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ಓಡಿದಾಗ ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ಜನಸಾಗರ ಸೇರಿತ್ತು. ನಮ್ಮಲ್ಲೂ ಇಪ್ಪತ್ತರ ಹುಡುಗರು ಇಸಿಜಿಗೆ ಸಾಲು ನಿಂತರು. ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ‘ಎದೆನೋವು ಬಂದರೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸುವ ಮಾತ್ರೆ) ಇಡಿ’ ಅನ್ನುವ ಸಂದೇಶವೂ ಸುತ್ತುತ್ತಿತ್ತು. ದಯವಿಟ್ಟು ಯಾರೋ ಹೇಳಿದರು ಅಂತ ಅದನ್ನು ಇಡಬೇಡಿ. ಬಿಪಿ ಮೊದಲೇ ಇಳಿದಿದ್ದರೆ ಇನ್ನಷ್ಟು ಇಳಿದು ಅಲ್ಲೇ ಕುಸಿಯುತ್ತಾರೆ.

ಹೃದಯದ ಗಲಾಟೆಯಲ್ಲಿ ಕಾಲನ್ನು ಯಾರೂ ಕೇಳುವುದಿಲ್ಲ. ಅಡಿಕೆ ತೋಟದ ದರೆ ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಸರಿಹೋಗುತ್ತದೆ ಅನ್ನುವ ಬೀಡಿ ಸೇದುವ ಗಂಡಸರು ನಮ್ಮಲ್ಲಿ ತುಂಬಾ. ‘ವಾತ’ ಅಂತ ಎಣ್ಣೆ ತಿಕ್ಕಿ, ‘ನರದ ವೀಕ್ನೆಸ್’ ಅಂತ ಸೂಜಿ ಹಾಕಿಸಿಕೊಂಡು ವರ್ಷ ಕಳೆದಿರುತ್ತಾರೆ. ಅದು ಕಾಲಿನ ರಕ್ತನಾಳ ಕಿರಿದಾಗಿರುವುದು. ಇಂಥವರಿಗೇ ಮುಂದೆ ಹಾರ್ಟ್ ಅಟ್ಯಾಕ್ ಆಗುವುದು ಜಾಸ್ತಿ. ಬಿಪಿ–ಶುಗರ್ ಕ್ಲಿನಿಕ್‌ನಲ್ಲಿ ಈಗ ಚಪ್ಪಲಿ ಬಿಚ್ಚಿಸಿ ಪಾದದ ನಾಡಿ ಮುಟ್ಟಿ ನೋಡುತ್ತೇವೆ. ಸಿಗದಿದ್ದರೆ ರಕ್ತದ ಹರಿವಿನ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್. ಹತ್ತು ನಿಮಿಷ ಮಲಗಿಸಿ, ಪಾದದ ಗಿಣ್ಣಿನ ಸ್ವಲ್ಪ ಮೇಲೆ ಬಿಪಿ ಪಟ್ಟಿ ಕಟ್ಟಿ, ಗಾಳಿ ಬಿಡುತ್ತಾ ‘ಶೂ... ಶೂ...’ ಸದ್ದು ಮತ್ತೆ ಕೇಳುವ ಅಂಕಿ ಬರೆದುಕೊಳ್ಳುವುದು. ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೊಂದರೆ ಇದೆ ಅಂತ. ಹಳೇ ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ 1.4 ದಾಟಬಹುದು. ಅದನ್ನು ನೋಡಿ ‘ಚೆನ್ನಾಗಿದೆ’ ಅನ್ನಬಾರದು.

ಇದಕ್ಕೆ ಮದ್ದು ಬೀಡಿ ಬಿಡಿಸುವುದು, ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಜೊತೆಗೆ ನಡಿಗೆ. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು, ಮೂರು ತಿಂಗಳು ಬಿಡದೆ. ‘ಕಾಲು ನೋವು ಅಂತ ಬಂದ್ರೆ ನಡೀರಿ ಅಂತೀರಲ್ಲ ಮಾರಾಯ್ರೆ’ ಅಂತ ಬೈಸಿಕೊಳ್ಳುವುದೂ ಉಂಟು. ಬೆರಳು ಕಪ್ಪಾಗಿದ್ದರೆ, ಗಾಯ ಮಾಗದಿದ್ದರೆ ಅದೇ ವಾರ ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳದ ಶಸ್ತ್ರಚಿಕಿತ್ಸಕರು) ಹತ್ತಿರ ಕಳಿಸುತ್ತೇವೆ. ಒಮ್ಮೆಲೇ ಕಾಲು ತಣ್ಣಗಾಗಿ, ಬಿಳಚಿ, ತಡೆಯಲಾರದ ನೋವು ಬಂದರೆ ವಾರದ ಮಾತೇ ಇಲ್ಲ. ಆರು ಗಂಟೆ ದಾಟಿದರೆ ಕಾಲು ಉಳಿಸುವುದು ಕಷ್ಟ. ರಕ್ತ ಮತ್ತಷ್ಟು ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಆ ಕಡೆಯ ಆಸ್ಪತ್ರೆಗೆ ಫೋನ್ ಮಾಡಿ, 108ರಲ್ಲಿ ಆಗಲೇ ಹೊರಡಿಸುತ್ತೇವೆ.